ಗಡಿಕಲ್ಲಿಗೆ ಎಣ್ಣೆ ಹಚ್ಚಿದವರು

ಕಲ್ಲಿಗೆ ಯಾರೋ ಎಣ್ಣೆ ಹಚ್ಚಿದ್ದರು. ನಾನು ಮೊದಲು ಕಂಡದ್ದು ಅದರ ಮೇಲಿನ ಅಕ್ಷರವನ್ನಲ್ಲ, ಶಿಲುಬೆಯನ್ನೂ ಅಲ್ಲ, ಆ ಎಣ್ಣೆಯನ್ನು. ಬೆರಳಿಟ್ಟು ಮೂಸಿ ನೋಡಿದೆ. ತೆಂಗಿನೆಣ್ಣೆ, ಕಮಟು ಹಿಡಿದದ್ದು. ಹೊಸ ಕಲ್ಲನ್ನು ಹಳೆಯದೆಂದು ನಂಬಿಸಲು ಹೊರಟವರು ಮೊದಲು ಮಾಡುವ ಕೆಲಸವೇ ಅದು: ಎಣ್ಣೆ ಬಳಿದು ಮೇಲೆ ಮಣ್ಣು ತಿಕ್ಕುತ್ತಾರೆ. ಸರ್ವೆ ಖಾತೆಗೆ ಸೇರಿದ ಮೇಲೆ ನಾನು ಅಂಥ ಕಲ್ಲುಗಳನ್ನು ಬೇಕಾದಷ್ಟು ನೋಡಿದ್ದೆ. ರಾತ್ರಿ ಬೆಳಗಾಗುವುದರೊಳಗೆ ಹತ್ತು ಮಾರು ಸರಿದು ನಿಂತ ಕಲ್ಲುಗಳನ್ನೂ, ಅಜ್ಜನ ಕಾಲದ್ದೆಂದು ಆಣೆ ಮಾಡಿ ತೋರಿಸಿದ, ಉಳಿಯ ಪುಡಿ ಇನ್ನೂ ಉದುರುತ್ತಿದ್ದ ಕಲ್ಲುಗಳನ್ನೂ ನೋಡಿದ್ದೆ. ಹಾಗಾಗಿ ಎಣ್ಣೆ ಕಂಡ ಕ್ಷಣವೇ ನನ್ನ ಮನಸ್ಸು ತೀರ್ಪು ಬರೆದುಬಿಟ್ಟಿತ್ತು. ಇದು ಗುರ್ಕಾರರದೇ ಕೆಲಸ.

ಎರಡನೆಯ ಮಹಾಯುದ್ಧದ ಕಾಲ. ನಾನು ಹೊನ್ನಾವರ ತಾಲೂಕಿನ ಸರ್ವೇಯರ್. ಮಂಕಿಯಿಂದ ಕಡಲ ಕಡೆಗೆ ಇಳಿದರೆ ಒಂದು ಕೇರಿ, ಅಲ್ಲೊಂದು ಸಣ್ಣ ಇಗರ್ಜಿ. ಅದರ ಲೌಕಿಕ ವ್ಯವಹಾರವನ್ನೆಲ್ಲ ನೋಡಿಕೊಳ್ಳುತ್ತಿದ್ದ ಊರ ಮುಖಂಡರನ್ನು ಜನ ಗುರ್ಕಾರರೆಂದು ಕರೆಯುತ್ತಿದ್ದರು. ಅವರು ತಾಲೂಕಿನ ಅಧಿಕಾರಿ ಮಾಮಲೇದಾರರಿಗೆ ಅರ್ಜಿ ಹಾಕಿದ್ದರು. ಇಗರ್ಜಿಯ ಜಾಗದ ವಾಯವ್ಯ ಮೂಲೆಯ ಸರಕಾರಿ ಕಲ್ಲು ಕಾಣೆಯಾಗಿದೆ. ಆದರೆ ಪಕ್ಕದ ಗುಡಿಸಲಿನ ಆಚೆಗೆ, ಬಳ್ಳಿಗಳ ನಡುವೆ, ಶಿಲುಬೆ ಕೊರೆದ ಪುರಾತನ ಕಲ್ಲೊಂದು ಸಿಕ್ಕಿದೆ. ಇಗರ್ಜಿಯ ನಿಜವಾದ ಗಡಿ ಅದೇ. ಆದ್ದರಿಂದ ಹದ್ದುಬಸ್ತು ಮಾಡಿಕೊಡಬೇಕು.

ಹದ್ದುಬಸ್ತು ಎಂದರೆ ಗಡಿ ಅಳೆದು ಗಟ್ಟಿ ಮಾಡುವುದು. ಕಾಗದದ ಮೇಲೆ ಅಷ್ಟೇ. ನೆಲದ ಮೇಲೆ ಅದರ ಅರ್ಥ ಬೇರೆ. ಗುಡಿಸಲು ಇದ್ದದ್ದು ಇಗರ್ಜಿಗೂ ಆ ಕಲ್ಲಿಗೂ ನಡುವೆ. ಕಲ್ಲೇ ಗಡಿಯೆಂದು ನಾನು ಬರೆದುಕೊಟ್ಟರೆ ಗುಡಿಸಲು ಇಗರ್ಜಿಯ ಜಾಗದೊಳಗೆ ಬೀಳುತ್ತದೆ, ಅದರಲ್ಲಿದ್ದ ಹೆಂಗಸು ಎದ್ದು ಹೋಗಬೇಕು. ಅವಳು ಕತ್ತದ ಹಗ್ಗ ಹೊಸೆದು ಬದುಕುವವಳು. ಗಂಡ ಮಚವೆಯೆಂಬ ಹಾಯಿಹಡಗಿನಲ್ಲಿ ಕಡಲಿಗೆ ಹೋದವನು ಮರಳಿ ಬಂದಿರಲಿಲ್ಲ. ತೆಂಗಿನ ಸಿಪ್ಪೆ ಕೊಳೆಹಾಕುವ ಹೊಂಡ, ಗಂಡ ನೆಟ್ಟ ಕೆಲವು ತೆಂಗಿನ ಸಸಿ, ಒಂದು ಮಾಡು. ಅವಳಿಗಿದ್ದದ್ದು ಅಷ್ಟೇ.

ಗುರ್ಕಾರರು ಬಿಳಿ ಕೋಟು ಹಾಕಿಕೊಂಡು ಬಂದಿದ್ದರು. "ನೋಡಿ ಸಾಹೇಬ್ರೆ, ಇದಕ್ಕಿಂತ ಸಾಕ್ಷಿ ಎಂತ ಬೇಕು? ಮೇಲೆ ಶಿಲುಬೆ, ಕೆಳಗೆ ಅಕ್ಷರ. ನಮ್ಮ ಹಿರಿಯರು ಗೋವೆಯಿಂದ ತಂದು ನಿಲ್ಸಿದ್ದು."

"ಇದು ಯಾವ ಅಕ್ಷರ, ಗುರ್ಕಾರರೇ?"

"ಹಳೇದು," ಎಂದರು. ಅದಕ್ಕಿಂತ ಹೆಚ್ಚು ಅವರಿಗೂ ಗೊತ್ತಿರಲಿಲ್ಲ.

ಎಣ್ಣೆ ಹಚ್ಚಿದವರು ಯಾರೆಂದು ಕೇಳಿದೆ. ತಮಗೆ ಗೊತ್ತಿಲ್ಲವೆಂದರು. ಹೇಳುವಾಗ ನನ್ನ ಮುಖ ನೇರ ನೋಡಿಯೇ ಹೇಳಿದರು. ನೇರ ನೋಡಿ ಹೇಳುವವರನ್ನು ನಾನು ಇನ್ನೂ ಹೆಚ್ಚು ಸಂಶಯಿಸುತ್ತೇನೆ. ಅದು ನನ್ನ ಹುಟ್ಟುಗುಣ. ಮನೆಯಲ್ಲಿ ಊಟಕ್ಕೆ ಬಡಿಸಿದರೂ ಇವತ್ತು ಇಷ್ಟು ತುಪ್ಪ ಯಾಕೆ ಎಂದು ಯೋಚಿಸುವವನು ನಾನು.

ಮೊದಲು ಅಳತೆ. ಆ ಕಾಲದಲ್ಲಿ ನಮ್ಮದು ಮುಂಬೈ ಇಲಾಖೆಯ ಸರಪಳಿ, ಮೂವತ್ತಮೂರು ಅಡಿಯದು, ಅದಕ್ಕೆ ಹದಿನಾರು ಆಣೆ. ದುಡ್ಡಿನ ಆಣೆಯಲ್ಲ, ಉದ್ದದ ಆಣೆ. ಹಳೆಯ ಸರಪಳಿ ಎಳೆದೆಳೆದು ಉದ್ದವಾಗಿರುತ್ತದೆ, ಕೊಂಡಿಗಳು ಬಾಯಿ ಬಿಟ್ಟಿರುತ್ತವೆ. ಅದಕ್ಕೇ ಕೆಲಸಕ್ಕೆ ಹೊರಡುವ ಮುಂಚೆ ಕುಮಟೆಗೆ ಹೋಗಿ, ಅಲ್ಲಿನ ಕಚೇರಿಯ ಕಲ್ಲುಹಾಸಿನಲ್ಲಿ ಕೊರೆದ ಗುರುತಿಗೆ ಹಿಡಿದು ಸರಿಮಾಡಿಕೊಂಡು ಬಂದಿದ್ದೆ. ಸರಪಳಿಯನ್ನೂ ನಂಬುವವನಲ್ಲ ನಾನು.

ಹಳೆಯ ಮೋಜಣಿಯ ಟಿಪ್ಪಣದಲ್ಲಿ, ಅಂದರೆ ಕೈನಕ್ಷೆಯಲ್ಲಿ, ಇಗರ್ಜಿಯ ಜಾಗಕ್ಕೆ ನಾಲ್ಕು ಕಲ್ಲು ತೋರಿಸಿತ್ತು. ಪಡುವಣದ ಒಂದನ್ನು ಕಡಲು ನುಂಗಿತ್ತು. ತೆಂಕಣದ್ದು ಯಾವಾಗಲೋ ಯಾರದೋ ಬಾವಿಕಟ್ಟೆಗೆ ಸೇರಿತ್ತು. ವಾಯವ್ಯದ್ದೇ ತಕರಾರು. ಗಟ್ಟಿಯಾಗಿ ಉಳಿದದ್ದು ಮೂಡಣದ ರಸ್ತೆ ಬದಿಯ ಒಂದೇ ಕಲ್ಲು. ಅದರಿಂದ ವಾಯವ್ಯ ಮೂಲೆಗೆ ಎಷ್ಟು ದೂರ ಎಂದು ಟಿಪ್ಪಣ ಹೇಳುತ್ತದೆ. ಯಾವ ದಿಕ್ಕಿಗೆ ಎಂದು ಹೇಳುವುದಿಲ್ಲ, ಏಕೆಂದರೆ ಆಗಿನವರು ದಿಕ್ಸೂಚಿ ಹಿಡಿದು ಅಳೆದವರಲ್ಲ.

ಸರಪಳಿಗೆ ಸರಪಳಿ ಜೋಡಿಸಿ, ಜೊತೆಗೆ ಬಂದಿದ್ದ ಊರ ಆಳು ಉಗ್ರಾಣಿಯನ್ನು ಆ ತುದಿಗೆ ಕಳಿಸಿ ಅಳೆದೆ. ಶಿಲುಬೆಯ ಕಲ್ಲಿಗೆ ದೂರ ಸರಿಯಾಗಿ ಕೂತಿತು. ಒಂದು ಆಣೆ ಹೆಚ್ಚು ಬಂತು, ಅಷ್ಟು ನಮ್ಮಲ್ಲಿ ಮಾಫಿ. ಗುರ್ಕಾರರ ಮುಖ ಅರಳಿತು. ನಾನು ಸರಪಳಿಯನ್ನು ಹಾಗೇ ಬಿಗಿಯಾಗಿ ಹಿಡಿಸಿಕೊಂಡು ಇಗರ್ಜಿಯ ಕಡೆಗೆ ತಿರುಗಿಸುತ್ತ ಬಂದೆ. ಗುಡಿಸಲಿನ ಈಚೆಗೆ, ಸಿಪ್ಪೆಯ ಹೊಂಡದ ಅಂಚಿನಲ್ಲೂ ಅದೇ ದೂರ ಕೂತಿತು. ಒಂದೇ ಗೂಟಕ್ಕೆ ಕಟ್ಟಿದ ಹಸು ಹಗ್ಗದ ತುದಿಯಲ್ಲಿ ಎಲ್ಲಿ ಬೇಕಾದರೂ ನಿಲ್ಲಬಹುದಲ್ಲ, ಹಾಗೆ. ಗಡಿ ಗುಡಿಸಲಿನ ಆಚೆಗೂ ಇರಬಹುದು, ಈಚೆಗೂ ಇರಬಹುದು. ಇನ್ನೊಂದು ಗಟ್ಟಿ ಗುರುತು ಸಿಗದೆ ಇತ್ಯರ್ಥವಿಲ್ಲ. ಆಚೆ ಕಡೆ ಕಲ್ಲಿದೆ, ಈಚೆ ಕಡೆ ಏನೂ ಇಲ್ಲ. ಮೇಲಿನವರು ಕಲ್ಲಿದ್ದ ಕಡೆಗೇ ಸಹಿ ಹಾಕುತ್ತಾರೆಂದು ನನಗೆ ಗೊತ್ತಿತ್ತು.

ಹೆಂಗಸು ಅಷ್ಟು ಹೊತ್ತೂ ಹೊಂಡದ ಹತ್ತಿರ ಕೂತು ಸಿಪ್ಪೆ ಬಡಿಯುತ್ತಿದ್ದಳು. ಅಳತೆ ನಡೆಯುವಾಗ ಒಮ್ಮೆಯೂ ತಲೆ ಎತ್ತಲಿಲ್ಲ. ನಾನು ಹತ್ತಿರ ಹೋಗಿ ಕೇಳಿದೆ. "ಅಕ್ಕಾ, ಆ ಕಲ್ಲು ಯಾವಾಗಿನಿಂದ ಅಲ್ಲಿದೆ?"

"ನಂಗೊತ್ತಿಲ್ಲ ಒಡ್ಯಾ."

"ನೀನು ಈ ಮನೆಗೆ ಬಂದಾಗ ಇತ್ತೋ ಇಲ್ಲವೋ?"

"ಗೊತ್ತಿಲ್ಲ."

"ಮನೆ ಹೋಗುವ ಪ್ರಶ್ನೆ ಇದು."

ಬಡಿಯುವ ಕೋಲು ಒಂದು ಗಳಿಗೆ ನಿಂತಿತು. "ನಂಗೊತ್ತಿಲ್ಲ," ಎಂದು ಮತ್ತೆ ಬಡಿಯತೊಡಗಿದಳು. ಮನೆಯ ಪಕ್ಕದಲ್ಲಿ ನಿಂತ ಕಲ್ಲು ಗೊತ್ತಿಲ್ಲದಿರುವುದು ಹೇಗೆ? ಗುರ್ಕಾರರ ಜೊತೆ ಇವಳನ್ನೂ ನನ್ನ ಸಂಶಯದ ಪಟ್ಟಿಗೆ ಸೇರಿಸಿಕೊಂಡೆ.

ಮಾರನೆಯ ದಿನ ಕಲ್ಲನ್ನು ತೊಳೆದೆ. ಅಂಟುವಾಳದ ನೊರೆ ಹಾಕಿ ತೆಂಗಿನ ನಾರಿನಿಂದ ತಿಕ್ಕಿದೆ. ಎಣ್ಣೆಯ ಕಪ್ಪೆಲ್ಲ ಹೋದ ಮೇಲೆ ಕೆಳಗಿನಿಂದ ಕಾಣಿಸಿದ್ದು ಹಳದಿ ಮಿಶ್ರಿತ ಬಿಳುಪಿನ ಕಲ್ಲು. ಅದರೊಳಗೆ ಸಣ್ಣ ಸಣ್ಣ ಚಿಪ್ಪಿನ ಗುರುತು. ನಮ್ಮ ಕಡೆ ಸಿಗುವುದು ಕೆಂಪು ಚಿರೆಕಲ್ಲು, ಇಲ್ಲದಿದ್ದರೆ ಕರಿಯ ಕಲ್ಲು. ಇಂಥದ್ದನ್ನು ನಮ್ಮ ತಾಲೂಕಿನಲ್ಲಿ ನಾನು ಎಲ್ಲೂ ಕಂಡಿರಲಿಲ್ಲ. ಅಕ್ಷರಗಳ ಅಂಚು ಸವೆದು ದುಂಡಗಾಗಿತ್ತು. ಎಣ್ಣೆ ಹಚ್ಚಿ ಹಳತು ಮಾಡಿದ್ದಾರೆಂಬ ನನ್ನ ಮೊದಲ ಲೆಕ್ಕ ಅಲ್ಲಿಗೆ ತಪ್ಪಿತು. ಕಲ್ಲು ನಿಜವಾಗಿಯೂ ಹಳೆಯದೇ. ಹಾಗಾದರೆ ಮೋಸ ಇನ್ನೂ ದೊಡ್ಡದಿರಬೇಕು ಅಂದುಕೊಂಡೆ.

ಅಕ್ಷರದ ಅಚ್ಚು ತೆಗೆದೆ. ಕಾಗದಕ್ಕೆ ಬರಗಾಲದ ದಿನಗಳು. ಪೇಟೆಯಲ್ಲಿ ಗಾಳಿಪಟದ ತೆಳು ಕಾಗದ ಸಿಕ್ಕಿತು. ಅದನ್ನು ಒದ್ದೆ ಮಾಡಿ ಕಲ್ಲಿನ ಮೇಲೆ ಅಂಟಿಸಿ, ನಾರಿನ ಕುಂಚದಿಂದ ಮೆತ್ತಗೆ ತಟ್ಟಿ, ಕಾಗದ ಅಕ್ಷರದ ತಗ್ಗಿಗೆ ಇಳಿಯುವ ಹಾಗೆ ಮಾಡಬೇಕು. ಅರೆ ಒಣಗಿದ ಮೇಲೆ ದೀಪದ ಮಸಿ ಹಚ್ಚಿದ ಬಟ್ಟೆಯ ಉಂಡೆಯಿಂದ ಒತ್ತುತ್ತ ಬಂದರೆ ಕಲ್ಲು ಕಪ್ಪಾಗಿಯೂ ಅಕ್ಷರ ಬೆಳ್ಳಗೂ ಮೂಡುತ್ತದೆ. ಮೊದಲ ಎರಡು ಕಾಗದವನ್ನು ಕಡಲ ಗಾಳಿ ಹರಿದುಹಾಕಿತು. ಮೂರನೆಯದಕ್ಕೆ ಉಗ್ರಾಣಿ ಪಂಚೆ ಬಿಚ್ಚಿ ಅಡ್ಡ ಹಿಡಿದು, ಲಂಗೋಟಿಯಲ್ಲಿ ನಿಂತ. ಇಗರ್ಜಿಯಿಂದ ಹೊರಬರುತ್ತಿದ್ದ ಹೆಂಗಸರು ಸೆರಗು ಬಾಯಿಗೆ ಹಿಡಿದು ಬೇರೆ ದಾರಿಯಲ್ಲಿ ಹೋದರು.

ಅಚ್ಚನ್ನು ಹಿಡಿದುಕೊಂಡು ಪಾದ್ರಿಗಳ ಹತ್ತಿರ ಹೋದೆ. ವಯಸ್ಸಾದವರು, ಮಿತಭಾಷಿ. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು. ನಾನು ಅವರ ತುಟಿಯನ್ನೇ ನೋಡುತ್ತಿದ್ದೆ. ತುಟಿ ಅಲುಗುತ್ತಿತ್ತು. ಓದುತ್ತಿದ್ದಾರೆ.

"ಇದು ಗ್ರೀಕ್," ಎಂದರು. "ತುಂಬಾ ಹಳೇದು. ನಮ್ಮ ಧರ್ಮ ಹುಟ್ಟಿ ಕೆಲವು ನೂರು ವರ್ಷ ಆದಾಗಿನ ಕಾಲದ್ದು ಇರಬಹುದು. ಗೋವೆಯಲ್ಲಿ ಇಂಥದ್ದು ಇಲ್ಲ."

"ಏನು ಬರೆದಿದೆ, ಫಾದರ್?"

ಕಾಗದವನ್ನು ಮಡಚಿದರು. "ನನ್ನ ಗ್ರೀಕ್ ಸೆಮಿನರಿಯಲ್ಲಿ ಕಲಿತದ್ದು. ಮರ್ತು ಹೋಗಿದೆ. ಸ್ವಲ್ಪ ದಿನ ಇಟ್ಕೊಳ್ತೇನೆ."

ಸ್ವಲ್ಪ ದಿನ ಕಳೆಯಿತು, ಮತ್ತೆ ಸ್ವಲ್ಪ ದಿನ. ಹೋದಾಗಲೆಲ್ಲ ಒಂದು ಕಾರಣ. ಕನ್ನಡಕ ಒಡೆದಿದೆ, ಜ್ವರ ಬಂದಿದೆ, ಶಬ್ದಕೋಶ ಬೇರೆ ಊರಿನಿಂದ ಬರಬೇಕು. ಒಮ್ಮೆ ಹೋದಾಗ ಒಡೆದಿದೆಯೆಂದ ಕನ್ನಡಕದಲ್ಲೇ ಪತ್ರಿಕೆ ಓದುತ್ತಿದ್ದರು. ಗುರ್ಕಾರರು, ಹೆಂಗಸು, ಈಗ ಪಾದ್ರಿಗಳು. ಮೂವರಲ್ಲಿ ಒಬ್ಬರೂ ನನಗೆ ನಿಜ ಹೇಳುತ್ತಿಲ್ಲ ಎಂದು ಸಿಟ್ಟು ಬಂತು.

ಕೊನೆಗೆ ಕಲ್ಲಿನ ಬುಡ ನೋಡೋಣವೆಂದು ಹೊರಟೆ. ನಮ್ಮ ಕಡೆ ಹಿಂದಿನವರು ಗಡಿಕಲ್ಲು ನಿಲ್ಲಿಸುವಾಗ ಗುಂಡಿಯಲ್ಲಿ ಮೊದಲು ಇದ್ದಿಲು, ಭತ್ತದ ಹೊಟ್ಟು, ಒಡೆದ ಮಡಕೆಯ ಚೂರು ಹಾಕಿ ಅದರ ಮೇಲೆ ಕಲ್ಲು ಕೂರಿಸುತ್ತಿದ್ದರು. ಈ ವಿಷಯ ಗುರ್ಕಾರರಿಗೂ ಗೊತ್ತಿತ್ತು. "ಅಗೀರಿ ಸಾಹೇಬ್ರೆ, ಇದ್ದಿಲು ಸಿಗದಿದ್ರೆ ನನ್ನ ಹೆಸರು ಬದಲಿಸಿ," ಎಂದರು.

ಅಗೆಸಿದೆ. ಬರೀ ಮರಳು. ಇದ್ದಿಲಿಲ್ಲ, ಚೂರಿಲ್ಲ. ಗುರ್ಕಾರರು ಬಗ್ಗಿ ಗುಂಡಿಯನ್ನು ಎಷ್ಟೋ ಹೊತ್ತು ನೋಡಿದರು. ಅವರ ಮುಖದ ಬೆರಗು ನಟನೆಯಾಗಿರಲಿಲ್ಲ. ಆದರೆ ಕಲ್ಲಿನ ಬುಡದ ಭಾಗ ಕಪ್ಪಾಗಿತ್ತು. ಉಗುರಿನಿಂದ ಕೆರೆದು ಮೂಸಿದೆ. ಡಾಂಬರು. ಹಡಗಿನ ತಳಕ್ಕೆ ಬಳಿಯುವ ಡಾಂಬರು, ಅದರ ಜೊತೆ ಮೀನೆಣ್ಣೆಯ ನಾತ. ನೆಲದಲ್ಲಿ ಹುಟ್ಟಿದ ಗಡಿಕಲ್ಲಿಗೆ ಹಡಗಿನ ವಾಸನೆ ಎಲ್ಲಿಂದ ಬರಬೇಕು?

ನಾನು ಎದ್ದು ನೇರವಾಗಿ ಹೊಂಡದ ಕಡೆಗೆ ಹೋದೆ. ಡಾಂಬರು ಹತ್ತಿದ ಬೆರಳನ್ನು ಹೆಂಗಸಿನ ಮುಂದೆ ಹಿಡಿದೆ. ಅವಳು ಮೂಸಲಿಲ್ಲ. ನೋಡಿದ್ದೇ ಸಾಕಾಯಿತು. ಬಡಿಯುವ ಕೋಲನ್ನು ಪಕ್ಕಕ್ಕಿಟ್ಟಳು.

"ಮಾವ ತಂದದ್ದು ಒಡ್ಯಾ," ಎಂದಳು. "ಮಾವ ತಾಂಡೇಲ ಆಗಿದ್ರು. ಭಟ್ಕಳದ ಸಾಹುಕಾರ್ರ ಮಚವೆ ನಡೆಸ್ತಿದ್ರು. ಹೋಗುವಾಗ ಅಕ್ಕಿ, ಹಂಚು ತುಂಬ್ಕಂಡು ಹೋಗೂದು. ಬರುವಾಗ ಸಾಮಾನು ಕಡಿಮೆ ಇದ್ರೆ ಮಚವೆ ತೊನೆಯೂದು ಬೇಡ ಅಂತ ತಳಕ್ಕೆ ಕಲ್ಲು ತುಂಬ್ಕಂಡು ಬರೂದು. ಊರು ಮುಟ್ಟಿದ ಮೇಲೆ ಕಲ್ಲು ದಂಡೆಗೆ ಎಸೆಯೂದು."

"ಇದನ್ನು ಯಾಕೆ ಎಸೆಯಲಿಲ್ಲ?"

"ಬಟ್ಟೆ ಒಗೆಯೂ ಕಲ್ಲಿಗೆ ಆತು ಅಂತ ಮನೆಗೆ ತಂದ್ರು. ಮಗುಚಿ ಹಾಕಿ ನೋಡಿದ್ರೆ ಅಡಿಯಲ್ಲಿ ಶಿಲುಬೆ. ದೇವರ ಗುರ್ತು ಇದ್ದ ಕಲ್ಲಿನ ಮೇಲೆ ಬಟ್ಟೆ ಕುಸುಕೂದು ಹ್ಯಾಂಗೆ? ಪಕ್ಕದಲ್ಲೇ ಇಗರ್ಜಿ ಬೇರೆ. ಅದಕ್ಕೆ ಮನೆಯ ಆಚೆ ಬದಿಗೆ ನೆಟ್ಟಗೆ ನಿಲ್ಸಿದ್ರು. ಎಣ್ಣೆ ಹಚ್ಚಿ ದಾಸಾಳ ಹೂ ಇಡಿ ಅಂದ್ರು. ಅವರು ಹೋದ ಮೇಲೂ ನಾ ಹಚ್ತಾ ಇದ್ದೆ. ಗುರ್ಕಾರ್ರು ಅರ್ಜಿ ಕೊಟ್ರು ಅಂದ ಮೇಲೆ ಹಚ್ಚೂದು ಬಿಟ್ಟೆ."

ಕಲ್ಲಿಗೆ ಎಣ್ಣೆ ಹಚ್ಚಿದವರು ಕೊನೆಗೆ ಸಿಕ್ಕರು. ಬೇರೆ ಯಾವ ಊರಿನವರಾದರೂ ಆ ಕಲ್ಲನ್ನು ಮಗುಚಿ ಬಟ್ಟೆ ಒಗೆಯುತ್ತಿದ್ದರು, ಅಥವಾ ಇಗರ್ಜಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ಇವರು ಪರಧರ್ಮದ ಗುರುತಿಗೂ ಹೆದರಿ, ಮರ್ಯಾದೆ ಕೊಟ್ಟು, ನೆಟ್ಟಗೆ ನಿಲ್ಲಿಸಿಬಿಟ್ಟಿದ್ದರು. ಮಲಗಿದ್ದರೆ ಅದು ಕಲ್ಲು. ನಿಂತ ತಪ್ಪಿಗೆ ಗಡಿಯಾಗಿ ಅವರ ಮನೆಗೇ ಮುಳುವಾಗಿತ್ತು.

"ಇದನ್ನು ಮೊದಲೇ ಹೇಳಲು ಏನಾಗಿತ್ತು?"

"ಸಾಹುಕಾರ್ರ ಮಚವೆಯ ಕಲ್ಲು. ಕದ್ದದ್ದು ಅಂದ್ರೆ? ಸತ್ತ ಮಾವನ್ನ ಕಳ್ಳ ಮಾಡೂದ?" ಮೊದಲ ಬಾರಿಗೆ ಅವಳು ನನ್ನನ್ನು ಸಿಟ್ಟಿನಿಂದ ನೋಡಿದಳು.

ಗುರ್ಕಾರರು ನಂಬಲಿಲ್ಲ. ಮನೆ ಉಳಿಸಿಕೊಳ್ಳಲು ಕಟ್ಟಿದ ಕತೆ ಎಂದರು. ನನಗೂ ಪೂರ್ತಿ ನಂಬಿಕೆ ಇರಲಿಲ್ಲ. ಡಾಂಬರು ಹಡಗನ್ನು ಹೇಳುತ್ತದೆ, ಮಾವನನ್ನು ಹೇಳುವುದಿಲ್ಲ. ಭಟ್ಕಳಕ್ಕೆ ಹೋಗಿ ಆ ಸಾಹುಕಾರರನ್ನೇ ಕೇಳುವುದೆಂದು ಬಸ್ಸು ಹತ್ತಿದೆ.

ಸಾಹುಕಾರರು ಮುಪ್ಪಿನಲ್ಲಿ ಮನೆಯ ಜಗಲಿಯ ಮೇಲೆ ದಿಂಬಿಗೆ ಒರಗಿದ್ದರು. ನಾನು ಕಲ್ಲು ಎಂದ ಕೂಡಲೇ ನಕ್ಕರು. "ಅರೇ ಸಾಹೇಬ್, ಇಲ್ಲಿ ಬಂದರಿನ ಕಟ್ಟೆ ಅರ್ಧ ಅಂಥಾ ಕಲ್ಲೇ. ಕೆಂಪು ಸಮುದ್ರದ ಆ ಬದಿ ಪಾಳು ಬಿದ್ದ ಬಂದರು ಉಂಟು. ಜನ ಇಲ್ಲ, ಬರೀ ಗೋಡೆ. ಕುಡಿಯೂ ನೀರು ತುಂಬ್ಲಿಕ್ಕೆ ಅಂತ ನಿಂತ್ರೆ ನಮ್ಮ ಖಲಾಸಿಗಳು ಅಲ್ಲಿಂದ ಎತ್ತಿ ಹಾಕ್ತಿದ್ರು."

"ಆ ತಾಂಡೇಲ ಒಂದು ಕಲ್ಲನ್ನು ಮನೆಗೆ ಒಯ್ದಿದ್ದು ನಿಮಗೆ ಗೊತ್ತೇ?"

"ಕಲ್ಲು ಒಯ್ಯೂದಕ್ಕೆ ಯಾರಾದ್ರೂ ಇಜಾಜತ್ ಕೇಳ್ತಾರಾ? ಒಯ್ದಿರಬೇಕು. ಒಳ್ಳೆ ಮನುಷ್ಯ. ಆ ಹೆಂಗಸಿಗೆ ಹೇಳಿ, ಕಲ್ಲು ಅವಳ್ದೇ ಅಂತ."

ಮಾವ ಕಳ್ಳನಲ್ಲ ಎಂಬುದು ಗಟ್ಟಿಯಾಯಿತು. ಆದರೆ ಮನೆ ಉಳಿಯಲು ಅಷ್ಟು ಸಾಲದು. ಕಲ್ಲು ಕಡಲಿನಿಂದ ಬಂದದ್ದೇ ಇರಲಿ, ಹಳೆಯ ಗಡಿಯ ಜಾಗದಲ್ಲೇ ತಂದು ನಿಲ್ಲಿಸಿದ್ದಾರೆ ಎಂದು ಗುರ್ಕಾರರು ಹೇಳಬಹುದು. ಅವರ ಬದಲು ನಾನಿದ್ದರೆ ಹಾಗೇ ಹೇಳುತ್ತಿದ್ದೆ. ಅಳತೆಯೂ ಅವರ ಪರವಾಗಿದೆ.

ಹಿಂದಿರುಗುವ ಬಸ್ಸು ದಾರಿಯಲ್ಲಿ ನಿಂತಿತು. ಯುದ್ಧಕಾಲದಲ್ಲಿ ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದವು. ಹಿಂದುಗಡೆ ಕಟ್ಟಿದ ಒಲೆಯ ಬೂದಿಯನ್ನು ಕಂಡಕ್ಟರ್ ಕೆಳಕ್ಕೆ ಕೆದಕಿ ಹಾಕಿ, ಹೊಸ ಇದ್ದಿಲು ತುಂಬುತ್ತಿದ್ದ. ನಾವೆಲ್ಲ ಇಳಿದು ನಿಂತಿದ್ದೆವು. ಆ ರಸ್ತೆಬದಿಯಲ್ಲಿ ಎಲ್ಲ ಬಸ್ಸುಗಳೂ ನಿಲ್ಲುತ್ತಿದ್ದವು ಎಂದು ಕಾಣುತ್ತದೆ. ಮಳೆಗಾಲ ಕಳೆದಿದ್ದರೂ ಕೆಂಪು ಮಣ್ಣಿನಲ್ಲಿ ಹಿಂದಿನ ವರ್ಷದ ಇದ್ದಿಲಿನ ಚೂರು ಹಾಗೇ ಕಪ್ಪಗೆ ಕೂತಿತ್ತು. ಬೂದಿ ತೊಳೆದು ಹೋಗಿತ್ತು, ಇದ್ದಿಲು ಹೋಗಿರಲಿಲ್ಲ.

ಅದನ್ನೇ ನೋಡುತ್ತ ನಿಂತವನಿಗೆ ನನ್ನ ದಡ್ಡತನ ಹೊಳೆಯಿತು. ಇಷ್ಟು ದಿನ ನಾನು ನಿಂತ ಕಲ್ಲಿನ ಬುಡದಲ್ಲಿ ಇದ್ದಿಲು ಹುಡುಕಿದ್ದೆ. ಸರಕಾರಿ ಕಲ್ಲನ್ನು ಯಾರು ಬೇಕಾದರೂ ಕಿತ್ತು ಒಯ್ಯಬಹುದು, ಆದರೆ ಅದರ ಬುಡದ ಇದ್ದಿಲನ್ನು ಯಾರೂ ಹೆಕ್ಕಿ ಒಯ್ಯುವುದಿಲ್ಲ. ಹುಡುಕಬೇಕಾದದ್ದು ಕಲ್ಲಿಲ್ಲದ ಜಾಗದಲ್ಲಿ.

ಮಾಮಲೇದಾರರ ಹುಕುಮಿನಲ್ಲಿ ಇದ್ದದ್ದು ಕಾಣುವ ಗುರುತಿನಿಂದ ಅಳೆಯಿರಿ ಎಂದು. ಕಂಡಕಂಡಲ್ಲಿ ಅಗೆಯಿರಿ ಎಂದಲ್ಲ. ಇಗರ್ಜಿಯ ಬಳಸುಜಾಗವನ್ನು ಅಗೆದು ಏನೂ ಸಿಗದಿದ್ದರೆ ಗುರ್ಕಾರರು ನನ್ನ ಮೇಲೆಯೇ ಅರ್ಜಿ ಹಾಕುತ್ತಿದ್ದರು, ಮಾಮಲೇದಾರರು ನನ್ನ ಬೆನ್ನಿಗೆ ನಿಲ್ಲುತ್ತಿರಲಿಲ್ಲ. ಸರಕಾರದವರಿಗೆ ಗುಡಿಸಲಿನ ಹೆಂಗಸಿಗಿಂತ ಇಗರ್ಜಿ ದೊಡ್ಡದು. ನಾನು ಅಂಥ ಧೈರ್ಯದ ಮನುಷ್ಯನಲ್ಲ. ಆದರೂ ಆ ಹೆಂಗಸು ಸಿಟ್ಟಿನಿಂದ ನೋಡಿದ್ದು ಮನಸ್ಸಿನಿಂದ ಹೋಗುತ್ತಿರಲಿಲ್ಲ. ಅಗೆಯುವುದೆಂದು ನಿಶ್ಚಯಿಸಿ ಪಾದ್ರಿಗಳ ಅನುಮತಿ ಕೇಳಿದೆ.

"ಎಲ್ಲಿ ಬೇಕಾದ್ರೂ ಅಗೀರಿ," ಎಂದರು. ನಾನು ಇದ್ದಿಲಿನ ಮಾತು ಹೇಳಿದಾಗ ತಲೆದೂಗಿದರು. "ಹಿಂದೆ ಆ ಕಡೆಯ ದೇಶಗಳಲ್ಲೂ ಗಡಿಕಲ್ಲಿನ ಅಡಿಗೆ ಇದ್ದಿಲು ಹಾಕ್ತಿದ್ರು ಅಂತ ಓದಿದ್ದೇನೆ. ಕೊಳೆಯೂದಿಲ್ಲ ಅಂತ."

"ಫಾದರ್, ಅಚ್ಚು ಓದಿದಿರಾ?"

"ನೀವು ಅಗೆದು ಮುಗಿಸಿ. ಆಮೇಲೆ ಎಲ್ಲರ ಎದುರು ಓದ್ತೇನೆ."

"ಅಂದರೆ ಓದಿದ್ದೀರಿ."

"ಮೊದಲ ದಿನವೇ," ಎಂದು ಪ್ರಾರ್ಥನೆಗೆ ಎದ್ದು ಹೋದರು. ಆ ದಿನ ನನಗೆ ಅವರ ಮೇಲೆ ಬಂದಷ್ಟು ಕೋಪ ಗುರ್ಕಾರರ ಮೇಲೂ ಬಂದಿರಲಿಲ್ಲ. ಇಷ್ಟು ದಿನ ಓದಿಕೊಂಡೇ ಕಾದಿದ್ದರೆ ಏನನ್ನೋ ಅಡಗಿಸಿದ್ದಾರೆ ಎಂದೇ ಅರ್ಥ.

ಸರಪಳಿಯನ್ನು ಮತ್ತೆ ಮೂಡಣದ ಕಲ್ಲಿಗೆ ಸಿಕ್ಕಿಸಿ, ಅದರ ತುದಿ ಸುತ್ತುವ ದಾರಿಯಲ್ಲಿ ಉದ್ದಕ್ಕೂ ಸುಣ್ಣದ ಗೆರೆ ಎಳೆಸಿದೆ. ಆ ಗೆರೆಯ ಮೇಲೆ ಗೇಣಿಗೊಂದರಂತೆ ಹಾರೆ ಇಳಿಸಿ ಎತ್ತಿ, ತುದಿಗೆ ಅಂಟಿದ ಮರಳಿನ ಬಣ್ಣ ನೋಡುವುದು. ಬಿಳಿ, ಬಿಳಿ, ಬಿಳಿ. ಗುಡಿಸಲಿನ ಹಿಂಬದಿಗೆ ಬಂದಾಗ ಹಾರೆಯ ತುದಿ ಕಪ್ಪಾಗಿ ಬಂತು. ಎಲ್ಲರೂ ಬಗ್ಗಿದೆವು. ಅಗೆದರೆ ಮೀನಿನ ಮುಳ್ಳು, ಬೂದಿ, ಒಲೆಯ ಗುಂಡುಕಲ್ಲು. ಯಾರದೋ ಹಳೆಯ ಒಲೆ. ಗುರ್ಕಾರರು ಕೆಮ್ಮಿದರು. ನಾನು ಹಾರೆಯ ತುದಿ ಒರೆಸಿ ಮುಂದಿನ ಗೇಣಿಗೆ ಸರಿದೆ.

ಮತ್ತೆ ಬಿಳಿ ಮರಳು. ಹೊಂಡದ ಅಂಚಿಗೆ ಬಂದಾಗ ಹಾರೆ ಏನಕ್ಕೋ ತಾಗಿ ಸದ್ದಾಯಿತು. ಕೈಯಿಂದಲೇ ಮರಳು ತೆಗೆದೆ. ಮೊದಲು ಮಡಕೆಯ ಚೂರು, ಅದರ ಕೆಳಗೆ ಇದ್ದಿಲು, ಅಂಗೈಯಗಲಕ್ಕೆ ಒತ್ತಾಗಿ ಹಾಸಿದ್ದು. ಹೊಟ್ಟು ಕರಗಿ ಹೋಗಿತ್ತು, ಅದರ ಕಂದು ಬಣ್ಣ ಮಾತ್ರ ಮರಳಿಗೆ ಹತ್ತಿತ್ತು. ಬೂದಿಯಿಲ್ಲ, ಮುಳ್ಳಿಲ್ಲ. ಮೇಲಿನ ಮರಳಿನಲ್ಲಿ ಕಲ್ಲು ಕೂತಿದ್ದ ಚೌಕ ಅಚ್ಚು ಇನ್ನೂ ತಿಳಿಯುತ್ತಿತ್ತು. ಗಡಿ ಗುಡಿಸಲಿನ ಈಚೆಗೆ, ಇಗರ್ಜಿಯ ಬದಿಗೆ ಇತ್ತು. ಮನೆ ಇಗರ್ಜಿಯದಲ್ಲ.

ಪಂಚನಾಮೆಗೆ ಪಟೇಲರೂ ಶಾನುಭೋಗರೂ ಬಂದು ಇದ್ದಿಲನ್ನು ಮುಟ್ಟಿ ನೋಡಿದರು. ಗುರ್ಕಾರರು ಮಂಡಿಯೂರಿ ಒಂದು ಚೂರನ್ನು ಎತ್ತಿಕೊಂಡರು. "ಮಕ್ಕಳಿಗೆ ಒಂದು ಶಾಲೆ ಕಟ್ಟೂ ಅಂತ ಇತ್ತು," ಎಂದರು. "ಶಿಲುಬೆ ಕಂಡಾಗ ದೇವರೇ ಜಾಗ ತೋರ್ಸಿದ ಅಂದ್ಕಂಡೆ." ಅವರು ಯಾವ ಮೋಸವನ್ನೂ ಮಾಡಿರಲಿಲ್ಲ. ಆಸೆಯಿಂದ ನೋಡಿದ್ದರು, ಅಷ್ಟೇ. ನನಗೆ ಅವರ ಮೇಲೆ ಕನಿಕರ ಬಂತು.

ಪಾದ್ರಿಗಳು ಅಚ್ಚನ್ನು ಬಿಡಿಸಿ ಕಲ್ಲಿನ ಪಕ್ಕದಲ್ಲಿ ನಿಂತರು. "ಮೊದಲ ಸಾಲು: ಇದು ಇಗರ್ಜಿಯ ಗಡಿ."

ಎಲ್ಲರೂ ತಲೆ ಎತ್ತಿದರು.

"ಹೌದು, ಹಾಂಗೇ ಬರೆದಿದೆ. ಒಬ್ಬ ಸಂತರ ಇಗರ್ಜಿ. ಹೆಸರಿದ್ದಲ್ಲಿ ಕಲ್ಲು ಒಡೆದಿದೆ. ಇದನ್ನು ಮೊದಲ ದಿನ ಹೇಳಿದ್ರೆ ಯಾರೂ ಅಗೀತಿರಲಿಲ್ಲ, ಈ ಹೆಂಗಸಿನ ಮನೆ ಹೋಗ್ತಿತ್ತು. ಸುಳ್ಳು ಹೇಳೂದಕ್ಕೆ ನನ್ನಿಂದ ಆಗೂದಿಲ್ಲ. ಅದಕ್ಕೆ ಸುಮ್ಮನಿದ್ದೆ." ನನ್ನ ಕಡೆ ನೋಡಿದರು. "ಕನ್ನಡಕ, ಜ್ವರ, ಶಬ್ದಕೋಶದ ನೆಪ ಮಾತ್ರ ಸುಳ್ಳು. ಅದಕ್ಕೆ ನಾನೇ ಪ್ರಾಯಶ್ಚಿತ್ತ ಮಾಡ್ಕೊಳ್ತೇನೆ."

ಆಮೇಲೆ ಉಳಿದ ಸಾಲು ಓದಿದರು. ಆ ಕಾಲದಲ್ಲಿ ದೊರೆಗೆ, ಧಣಿಗೆ ಹೆದರಿ ಓಡಿ ಬಂದವರು ಇಗರ್ಜಿಯ ಗಡಿಯೊಳಗೆ ಕಾಲಿಟ್ಟರೆ ಅವರನ್ನು ಹಿಡಿಯುವ ಹಾಗಿರಲಿಲ್ಲವಂತೆ. ಎಲ್ಲಿಂದ ಒಳಗೆ ಎಂದು ಗೊತ್ತಾಗಲಿ ಎಂದೇ ಇಂಥ ಕಲ್ಲು ನಿಲ್ಲಿಸುತ್ತಿದ್ದರಂತೆ. ಈ ಕಲ್ಲೂ ಅದನ್ನೇ ಹೇಳುತ್ತಿತ್ತು: ಇದರೊಳಗೆ ಆಶ್ರಯಕ್ಕೆ ಬಂದವರನ್ನು ಯಾರೂ ಎಳೆದೊಯ್ಯಕೂಡದು.

ಗುರ್ಕಾರರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ನಾನು ಪಂಚನಾಮೆಗೆ ಸಹಿ ಮಾಡಿಸಿ, ಸರಪಳಿ ಸುತ್ತತೊಡಗಿದೆ. ಹೆಂಗಸು ಅಲ್ಲೇ ನಿಂತಿದ್ದಳು. ಮನೆ ಉಳಿದ ಸಂತೋಷ ಅವಳ ಮುಖದಲ್ಲಿ ಕಾಣಲಿಲ್ಲ. ಏನನ್ನೋ ಯೋಚಿಸುತ್ತಿದ್ದಳು.

"ಫಾದರೇ, ಹಾಂಗಾದ್ರೆ ಆ ಊರಿನ ಇಗರ್ಜಿಗೆ ಈಗ ಗಡಿ ಇಲ್ಲ, ಅಲ್ದಾ? ನಮ್ಮ ಮಾವ ಕಿತ್ಕಂಡು ಬಂದ್ರಲ್ಲ."

"ಆ ಊರೇ ಇಲ್ಲಮ್ಮ. ಪಾಳು ಬಿದ್ದು ಎಷ್ಟೋ ಕಾಲ ಆತು."

"ಊರು ಇಲ್ದಿದ್ರೆ ಇಲ್ಲ. ಜನ ಓಡಿ ಬರೂದು ನಿಂತದ್ಯ?"

ಅವಳು ಒಳಗೆ ಹೋಗಿ ಎಣ್ಣೆಯ ಗಿಂಡಿ ತಂದಳು. ನಾನು ತಿಕ್ಕಿ ಬೆಳ್ಳಗೆ ಮಾಡಿಟ್ಟಿದ್ದ ಕಲ್ಲಿಗೆ ಮೇಲಿನಿಂದ ಕೆಳಗಿನವರೆಗೆ, ಅಕ್ಷರದ ತಗ್ಗಿನಲ್ಲೆಲ್ಲ ಬೆರಳಾಡಿಸುತ್ತ, ಎಣ್ಣೆ ಹಚ್ಚಿದಳು. ಗಿಂಡಿ ವಾಲದ ಹಾಗೆ ಗುರ್ಕಾರರು ಹಿಡಿದುಕೊಂಡಿದ್ದರು.